ಮೊದಲು ಯುರೋಪಿನ ದಾದರ್‌ನಲ್ಲಿ ಇಳಿಯಿರಿ

ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಬಂದ ಕಾಗದ ಇದು. ಬರೆದವರಿಗೆ ಇಪ್ಪತ್ನಾಲ್ಕು ವರ್ಷ, ಅಂಧೇರಿಯಲ್ಲಿ ಕೆಲಸ. ಗಣಪತಿ ಕಳಿಸಿದ ಮೇಲೆ ಗೆಳತಿಯ ಜೊತೆ, ಬೆನ್ನಿಗೊಂದು ಚೀಲ ಹಾಕಿಕೊಂಡು, ಹದಿನೆಂಟು ರಾತ್ರಿ ಯುರೋಪ್ ಸುತ್ತುವ ಆಸೆ. ಪ್ಯಾರಿಸ್‌ನಿಂದಲೇ ಶುರುವಾಗಬೇಕು ಎಂದು ಗೆಳತಿಯ ಹಟ. ಲಂಡನ್ನಿನಲ್ಲಿ ಸೋದರಮಾವ ಇದ್ದಾರೆ. ಪಟ್ಟಿಯಲ್ಲಿ ಹನ್ನೊಂದು ಊರು. ‘ಎಲ್ಲಿಂದ ಆರಂಭಿಸಲಿ? ಹೆಸರು ಹಾಕಬೇಡಿ, ಅಪ್ಪನಿಗೆ ಇನ್ನೂ ಹೇಳಿಲ್ಲ’ ಎಂದು ಕೇಳಿದ್ದಾರೆ.

ಹೆಸರು ಹಾಕಿಲ್ಲ, ತಂಗೀ. ಪ್ಯಾರಿಸ್ ಇರಲಿ, ಆದರೆ ಕೊನೆಗಿರಲಿ. ಯಾಕೆಂದರೆ ನನ್ನ ಮೊದಲ ಸಲದ ಪಾಡು ಕೇಳಿ. ನಡುರಾತ್ರಿ ಮುಂಬಯಿ ಬಿಟ್ಟು ನಿದ್ದೆಗಣ್ಣಲ್ಲಿ ಪ್ಯಾರಿಸ್‌ನಲ್ಲಿ ಇಳಿದೆ. ಅದೇ ದಿನ ಲಿಯೋಂ ಊರಿಗೆ ಟಿಕೆಟ್ ಮಾಡಿಸಿದ್ದೆ. ವಿಮಾನ ನಿಲ್ದಾಣದಿಂದ ರೈಲು ಹಿಡಿದು ಗಾರ್ ದ್ಯು ನೋರ್‌ಗೆ ಬಂದು ಫಲಕ ನೋಡುತ್ತೇನೆ, ನನ್ನ ಗಾಡಿಯ ಸುಳಿವೇ ಇಲ್ಲ. ಅದು ಹೊರಡುವುದು ಗಾರ್ ದ ಲಿಯೋಂ ಎಂಬ ಬೇರೆ ಸ್ಟೇಷನ್ನಿನಿಂದ. ಪ್ಯಾರಿಸ್‌ನಲ್ಲಿ ಇಂಥ ದೊಡ್ಡ ಸ್ಟೇಷನ್ನುಗಳು ಆರೇಳಿವೆ, ಒಂದೊಂದು ದಿಕ್ಕಿಗೆ ಒಂದೊಂದು. ನಮ್ಮ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ನಿಂತು ಮುಂಬಯಿ ಸೆಂಟ್ರಲ್‌ನ ಗಾಡಿಗೆ ಕಾದ ಹಾಗಾಯಿತು. ಮೆಟ್ರೋ ಮೆಟ್ಟಿಲ ಮೇಲೆ ಸೂಟ್‌ಕೇಸಿನ ಒಂದು ಚಕ್ರ ಕಿತ್ತುಬಂತು. ಅದನ್ನು ಜೇಬಿಗಿಳಿಸಿ, ಕುಂಟುವ ಪೆಟ್ಟಿಗೆಯನ್ನು ಎಳೆದುಕೊಂಡು ಹೋಗುವಷ್ಟರಲ್ಲಿ ರೈಲು ಹೋಗಿತ್ತು. ದುಡ್ಡು ವಾಪಸು ಬರದ ಟಿಕೆಟ್ ಬೇರೆ. ತಪ್ಪು ಪೂರ್ತಿ ನನ್ನದೇ. ಮೊದಲ ದಿನ ಇಂಥ ತಪ್ಪು ಎಲ್ಲರೂ ಮಾಡುತ್ತಾರೆ, ನೀವೂ ಮಾಡುತ್ತೀರಿ. ಅದು ಅಗ್ಗದಲ್ಲಿ ಮುಗಿಯುವ ಊರನ್ನು ಆರಿಸಿಕೊಳ್ಳಿ.

ಅಂದರೆ ಮೊದಲ ಊರು ಮುಂಬಯಿಯ ದಾದರ್ ಸ್ಟೇಷನ್ನಿನಂತಿರಬೇಕು. ಒಂದು ಗಾಡಿ ತಪ್ಪಿದರೆ ಹಿಂದೆ ಇನ್ನೊಂದು ಬರಬೇಕು, ಯಾವ ಕಡೆಗಾದರೂ ಬದಲಾಯಿಸಿಕೊಳ್ಳಲು ಆಗಬೇಕು. ನನ್ನ ಲೆಕ್ಕದಲ್ಲಿ ಯುರೋಪಿನ ದಾದರ್ ಎಂದರೆ ಆಸ್ಟ್ರಿಯಾದ ವಿಯೆನ್ನಾ. (ಅಲ್ಲಿಯವರ ಕಿವಿಗೆ ಬಿದ್ದರೆ ಬೇಸರ ಮಾಡಿಕೊಂಡಾರು. ಇರಲಿ, ಅವರು ದಾದರ್ ನೋಡಿಲ್ಲ.) ಅಲ್ಲೂ ಹಿಂದೆ ದಕ್ಷಿಣಕ್ಕೊಂದು, ಪಶ್ಚಿಮಕ್ಕೊಂದು ಸ್ಟೇಷನ್ ಇತ್ತು. ದಕ್ಷಿಣದ್ದನ್ನು ಕೆಡವಿದ ಜಾಗದಲ್ಲಿ ಎದ್ದ ಹೊಸ ಹೌಪ್ಟ್‌ಬಾನ್‌ಹೋಫ್ (ಮುಖ್ಯ ಸ್ಟೇಷನ್) 2014ರಲ್ಲಿ ಉದ್ಘಾಟನೆಯಾಯಿತು. ದೂರದ ಗಾಡಿಗಳು ಬಹುಪಾಲು ಈಗ ಅಲ್ಲೇ ಸಿಗುತ್ತವೆ. ಬ್ರಾಟಿಸ್ಲಾವಾಕ್ಕೆ ಒಂದು ಗಂಟೆ, ಅಂದರೆ ನಿಮ್ಮ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋದಷ್ಟು, ಆದರೆ ದೇಶವೇ ಬದಲಾಗುತ್ತದೆ. ಬುಡಾಪೆಸ್ಟ್‌ಗೆ ಎರಡೂವರೆ ಗಂಟೆಯ ಮೇಲೆ ಸ್ವಲ್ಪ, ಪ್ರಾಗ್‌ಗೆ ಸುಮಾರು ನಾಲ್ಕು.

ನಗರದ ಮೆಟ್ರೋಗೆ ನಮ್ಮ ಲೋಕಲ್‌ನಂತೆಯೇ ಗೇಟಿಲ್ಲ, ಆದರೆ ಟಿಸಿ ಉಂಟು, ಅದೂ ಮಫ್ತಿಯಲ್ಲಿ. ಸರಿಯಾದ ಟಿಕೆಟ್ ಇಲ್ಲದಿದ್ದರೆ 100 ಯೂರೋಗೂ ಮೇಲೆ ದಂಡ. ನೀರಿಗೆ ದುಡ್ಡು ಸುರಿಯಬೇಡಿ. ಆಲ್ಪ್ಸ್ ಬೆಟ್ಟದ ಒರತೆಯ ನೀರು 1873ರಿಂದ ಆ ಊರಿನ ನಲ್ಲಿಗೆ ಬರುತ್ತಿದೆ, ಹಾಗೇ ಹಿಡಿದು ಕುಡಿಯಬಹುದು. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ಸ್ಟೇಷನ್ನಿನೊಳಗಿನವು ಮಾತ್ರ ತೆರೆದಿರುತ್ತವೆ. ಆದ್ದರಿಂದ ಭಾನುವಾರ ಇಳಿಯಬೇಡಿ.

ಇನ್ನು ಹನ್ನೊಂದು ಊರು. ಆರನ್ನು ಹೊಡೆದುಹಾಕಿ. ವಿಯೆನ್ನಾ ಐದು ರಾತ್ರಿ, ಬುಡಾಪೆಸ್ಟ್ ನಾಲ್ಕು, ಪ್ರಾಗ್ ನಾಲ್ಕು, ಬರ್ಲಿನ್ ಎರಡು, ಪ್ಯಾರಿಸ್ ಮೂರು. ಬರ್ಲಿನ್‌ನಿಂದ ಪ್ಯಾರಿಸ್‌ಗೆ 2024ರ ಡಿಸೆಂಬರ್‌ನಿಂದ ನೇರ ಹಗಲು ರೈಲಿದೆ, ಸುಮಾರು ಎಂಟು ಗಂಟೆಯ ದಾರಿ. ಪ್ಯಾರಿಸ್‌ನಿಂದ ಮುಂಬಯಿಗೆ ನೇರ ವಿಮಾನ. ಒಂದು ಊರಿಗೆ ಹೋಗಿ ಇನ್ನೊಂದರಿಂದ ಮರಳುವ ಟಿಕೆಟ್ಟನ್ನು ಒಟ್ಟಿಗೇ ತೆಗೆಯಬಹುದು, ಬಂದ ದಾರಿಯಲ್ಲೇ ವಾಪಸು ಹೋಗುವ ಒಂದು ದಿನ ಉಳಿಯುತ್ತದೆ. ದೂರದ ಪಯಣ ಬರೀ ನಾಲ್ಕಾದ್ದರಿಂದ ಯುರೇಲ್ ಪಾಸ್ (ಹಲವು ದೇಶಗಳ ರೈಲಿಗೆ ಒಂದೇ ಪಾಸ್) ನಿಮಗೆ ದುಬಾರಿ ಎಂದೇ ನನ್ನ ಅನಿಸಿಕೆ. ತಿಂಗಳುಗಳ ಮೊದಲೇ ಬಿಡಿ ಟಿಕೆಟ್ ತೆಗೆದಿಡಿ. ಮ್ಯೂನಿಕ್ ಯಾಕಿಲ್ಲ ಎನ್ನುತ್ತೀರಾ? ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ ಅಲ್ಲಿ ಬಿಯರ್ ಜಾತ್ರೆ. ಹಾಸ್ಟೆಲಿನ ಒಂದು ಮಂಚದ ಬೆಲೆ ಕೇಳಿದರೆ ಜ್ವರ ಬರುತ್ತದೆ.

ಈ ರಾತ್ರಿಗಳ ಲೆಕ್ಕ ವೀಸಾಕ್ಕೂ ಬೇಕು. ಮೊದಲು ಇಳಿಯುವ ದೇಶಕ್ಕೇ ಅರ್ಜಿ ಹಾಕಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಕೊಡುವ ಷೆಂಗೆನ್ ನಿಯಮದ ಪ್ರಕಾರ ಹೆಚ್ಚು ದಿನ ಉಳಿಯುವ ದೇಶಕ್ಕೆ ಹಾಕಬೇಕು, ದಿನಗಳು ಸರಿಸಮವಾದರೆ ಮಾತ್ರ ಮೊದಲು ಕಾಲಿಡುವ ದೇಶ. ನಿಮ್ಮದು ಎರಡೂ ರೀತಿಯಲ್ಲಿ ಆಸ್ಟ್ರಿಯಾವೇ ಆಗುತ್ತದೆ. ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಬೇಸಿಗೆಯಲ್ಲಿ ಸಂದರ್ಶನದ ದಿನ ಸಿಗುವುದೇ ಕಷ್ಟ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ, ಆಫೀಸಿನ ರಜೆ ಪತ್ರ, ಬ್ಯಾಂಕಿನ ಸ್ಟೇಟ್‌ಮೆಂಟ್ ಕೇಳುತ್ತಾರೆ. ಸೋದರಮಾವನ ಲಂಡನ್ ಈ ವೀಸಾದಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ. ಮಾವನನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳಿ.

ಸಸ್ಯಾಹಾರಿ ಎಂದು ಬರೆದಿದ್ದೀರಿ. ಬುಡಾಪೆಸ್ಟ್‌ನ ಮಾರುಕಟ್ಟೆಯಲ್ಲಿ ಲಾಂಗೋಶ್ ಕೇಳಿ. ನಾದಿದ ಹಿಟ್ಟನ್ನು ತಟ್ಟೆಯಗಲ ಎಳೆದು ಎಣ್ಣೆಗೆ ಬಿಡುತ್ತಾರೆ. ನೋಡಲು ನಮ್ಮ ಭಟೂರೆಯ ಅಣ್ಣ. ಮೇಲೆ ಬೆಳ್ಳುಳ್ಳಿ ನೀರು ಸವರಿ, ಹುಳಿ ಕೆನೆ ಹಚ್ಚಿ, ಚೀಸ್ ತುರಿದು ಉದುರಿಸುತ್ತಾರೆ. ಒಂದನ್ನು ಇಬ್ಬರು ತಿಂದರೆ ಸಂಜೆಯ ತನಕ ಹಸಿವಿಲ್ಲ. ಉಳಿದ ದಿನ ಹಾಸ್ಟೆಲಿನ ಅಡುಗೆಮನೆಯಲ್ಲಿ ಅನ್ನ ಬೇಯಿಸಿಕೊಂಡು ಅಮ್ಮನ ಚಟ್ನಿಪುಡಿ ಕಲಸಿಕೊಳ್ಳಿ.

ಚೀಲ ಎಂಟು ಕಿಲೋ ದಾಟಬಾರದು. ಮನೆಯ ತಕ್ಕಡಿಯನ್ನು ನಂಬಬೇಡಿ. ತುಂಬಿದ ಚೀಲವನ್ನು ಒಂದು ದಿನ ಎದೆಗೆ ತಿರುಗಿಸಿ ಹಾಕಿಕೊಂಡು ಬೆಳಗಿನ ಫಾಸ್ಟ್ ಲೋಕಲ್ ಹತ್ತಿ. ದಾದರ್‌ನಲ್ಲಿ ಇಳಿಯಲು ಆದರೆ ಚೀಲ ಸರಿಯಾಗಿದೆ. ಬೈಕುಲ್ಲಾಕ್ಕೆ ಹೋಗಿ ಇಳಿದರೆ ಎರಡು ಜೀನ್ಸ್ ತೆಗೆದಿಡಿ.

ಅಪ್ಪನಿಗೆ ಹೇಳಿದ ಮೇಲೆ ಇನ್ನೊಂದು ಕಾಗದ ಹಾಕಿ. ಆಗ ಹೆಸರು ಹಾಕೋಣ.

— ಸಂಪಾದಕ