ಉಪ್ಪಿನಕಾಯಿ ರಸ ಕುಡಿಯುವ ಸೊಸೆ

ಹಾಸನದ ನನ್ನ ಆಪ್ತಸಲಹೆಯ ಕೋಣೆಗೆ ಬರುವವರಲ್ಲಿ ಬಹಳ ಜನ ಕಾಯಿಲೆಯ ಹೆಸರನ್ನು ತಾವೇ ಹೊತ್ತು ತರುತ್ತಾರೆ. ಹೆಸರು ಒಂದೇ, ಟೆನ್ಷನ್. ಆಲೂಗಡ್ಡೆಗೆ ರೋಗ ಬಿದ್ದವರದ್ದೂ ಟೆನ್ಷನ್, ತೋಟಕ್ಕೆ ಆನೆ ಇಳಿದವರದ್ದೂ ಟೆನ್ಷನ್. ಯಾರೋ ಡಾಕ್ಟರು ಚೀಟಿಯಲ್ಲಿ ಅದನ್ನೇ ಬರೆದು ನನ್ನ ಹತ್ತಿರ ಕಳಿಸಿರುತ್ತಾರೆ. ಆ ಚೀಟಿಯನ್ನು ನಾನೂ ಬಹಳ ವರ್ಷ ಕಣ್ಣು ಮುಚ್ಚಿ ನಂಬಿದೆ. ಈಗ ನಂಬುವುದಿಲ್ಲ. ಯಾಕೆಂದು ಹೇಳಲು ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಈ ಪ್ರಕರಣದ ಹೆಣ್ಣುಮಗಳೇ ಓದಿ, ಹಾಕಿ ಅಂದಿದ್ದಾಳೆ.

ಸಕಲೇಶಪುರ ತಾಲ್ಲೂಕಿನ ಒಳಗಿನ ಒಂದು ಊರು. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಗಂಡ, ಅತ್ತೆ, ಸ್ವಲ್ಪ ಕಾಫಿ ತೋಟ. ಕೊಯ್ಲು ಮುಗಿಯುವ ಹೊತ್ತಿಗೆ ಶುರುವಾದ ಸುಸ್ತು, ಊಟ ಸೇರದು, ಬೆಳಿಗ್ಗೆ ಏಳಲು ಆಗದು. ರವಿಕೆಗಳೆಲ್ಲ ಸಡಿಲ. ಒಬ್ಬರು ಆತಂಕದ ಮಾತ್ರೆ ಬರೆದಿದ್ದರು. ಅದರಿಂದ ಇನ್ನಷ್ಟು ನಿದ್ದೆ ಬಂತು, ಅಷ್ಟೆ.

ಮೊದಲ ನಾಲ್ಕು ಭೇಟಿಯಲ್ಲಿ ನಾನು ಬರೆದುಕೊಂಡದ್ದನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ಕುರ್ಚಿಯಿಂದ ಎದ್ದಾಗಲೆಲ್ಲ ಆಕೆಗೆ ಕಣ್ಣು ಕತ್ತಲೆ ಬರುತ್ತಿತ್ತು. ‘ಮನೆಗೆ ಹೊರಡುವ ಸಮಯದಲ್ಲಿ ಆತಂಕ ಹೆಚ್ಚು’ ಎಂದು ಬರೆದಿದ್ದೇನೆ. ಎರಡನೇ ಭೇಟಿಯಲ್ಲಿ ಆಕೆ ಒಂದು ಗುಟ್ಟು ಹೇಳಿದಳು. ಹೈಸ್ಕೂಲಿನಲ್ಲಿದ್ದಾಗ ಕತ್ತಿನಲ್ಲಿ ಗಂಟೆದ್ದು, ಟಿಬಿ ಅಂತ ಆರು ತಿಂಗಳು ಮಾತ್ರೆ ನುಂಗಿದ್ದು, ಸಂಬಂಧ ತಪ್ಪೀತು ಅಂತ ತವರಿನವರು ಅದನ್ನು ಮುಚ್ಚಿಟ್ಟದ್ದು. ಅದನ್ನು ನಾನು ‘ಮನಸ್ಸಿನ ಮೇಲಿನ ಹೊರೆ’ ಎಂಬ ಸಾಲಿನಲ್ಲಿ ಸೇರಿಸಿ, ಅಪರಾಧಿ ಭಾವದ ಬಗ್ಗೆ ಒಂದು ಗಂಟೆ ಚೆನ್ನಾಗಿಯೇ ಮಾತಾಡಿದೆ.

ಐದನೇ ಸಲ ಆಷಾಢದ ಮಳೆಯಲ್ಲಿ ಅತ್ತೆಯೇ ಜೊತೆಗೆ ಬಂದರು. ಸೊಸೆಯನ್ನು ಹೊರಗೆ ಕೂರಿಸಿ ಒಳಗೆ ಬಂದು, ಕೊಡೆಯನ್ನು ಮೂಲೆಗೆ ಒರಗಿಸುವ ಮೊದಲೇ ಶುರು ಮಾಡಿದರು.

“ನೋಡಿ ಮೇಡಂ, ಇವ್ಳಿಗೆ ಕಾಯ್ಲೆಗೀಯ್ಲೆ ಏನಿಲ್ಲ. ಅನ್ನ ಬಡಿಸಿದ್ರೆ ವಾಕರಿಕೆ ಅಂತಾಳೆ. ನಾನು ಅತ್ಲಾಗೆ ಹೋದ್ರೆ ಭರಣಿ ಮುಚ್ಚಳ ತೆಗ್ದು ಮಿಡಿ ಉಪ್ಪಿನಕಾಯಿ ಖಾಲಿ ಮಾಡ್ತಾಳೆ. ಬಸುರಿ ಇರ್ಬೇಕು ಅಂತ ನಾನೂ ಆಸೆ ಪಟ್ಟೆ. ಅದೂ ಅಲ್ಲ.”

“ಎಷ್ಟು ತಿಂತಾರಮ್ಮಾ?”

“ತಿನ್ನಾಕಿಲ್ಲ ಮೇಡಂ. ಮಿಡಿ ಹಂಗೇ ಬಿದ್ದವೆ. ರಸ ಮಾತ್ರ ಇಲ್ಲ. ಲೋಟಕ್ಕೆ ಬಗ್ಗಿಸ್ಕೊಂಡು ಕುಡೀತಾಳೆ.”

ನಾನು ಪೆನ್ನು ಕೆಳಗಿಟ್ಟೆ. ಬಸುರಿಗೆ ಬೇಕಾಗುವುದು ಹುಳಿ. ಇವಳಿಗೆ ಬೇಕಾಗಿರುವುದು ಉಪ್ಪು.

ಅತ್ತೆ ನಿಲ್ಲಿಸಲಿಲ್ಲ. ಮದುವೆ ಫೋಟೊದಲ್ಲಿ ಎಷ್ಟು ಬೆಳ್ಳಗಿದ್ದಳು, ಈಗ ನೋಡಿ, ಕಣದಲ್ಲಿ ಕಾಫಿ ಒಣಗಿಸುವಾಗ ಬಿಸಿಲಿಗೆ ಹೀಗಾದಳು ಅಂದರು. ಕಣದ ಕೆಲಸ ಮುಗಿದು ಎಷ್ಟು ದಿನವಾಯಿತು ಎಂದು ಕೇಳಿದೆ. ಶಿವರಾತ್ರಿಗೇ ಮುಗಿಯಿತಂತೆ. ಆಮೇಲಿನಿಂದ ಬಣ್ಣ ತಿರುಗಿತೇ? “ಇಲ್ಲ, ಇನ್ನೂ ಕಪ್ಪಾಗ್ತಾನೇ ಅವ್ಳೆ.” ಕಿಟಕಿಯಾಚೆ ಒಂದೇ ಸಮನೆ ಮಳೆ ಸುರಿಯುತ್ತಿತ್ತು. ಎರಡು ವಾರದಿಂದ ಆ ಕಡೆಯವರು ಸೂರ್ಯನ ಮುಖ ನೋಡಿರಲಿಲ್ಲ.

ಆಕೆಯನ್ನು ಒಳಗೆ ಕರೆದು ಕೈ ತೋರಿಸು ಅಂದೆ. ಅಂಗೈ ರೇಖೆಗಳು ಶಾಯಿ ಎಳೆದ ಹಾಗಿದ್ದವು. ಕಾಫಿ ಹಣ್ಣು ಕೊಯ್ದ ಕಲೆ ಎಂದೇ ನಾನೂ ನಾಲ್ಕು ಸಲ ಅಂದುಕೊಂಡಿದ್ದೆ. ತುಟಿ ಎತ್ತಿದರೆ ಒಸಡಿನ ಮೇಲೂ ಕಪ್ಪು ಮಚ್ಚೆ. ಪರಿಚಯದ ಫಿಸಿಷಿಯನ್ ಒಬ್ಬರಿಗೆ ಫೋನ್ ಮಾಡಿದೆ. ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷವಾದ ಮೇಲೆ ಇನ್ನೊಮ್ಮೆ ಬಿಪಿ ನೋಡಿ ಅಂದರು. ಕೋಣೆಯಲ್ಲಿ ಒಂದು ಸಣ್ಣ ಯಂತ್ರವಿದೆ. ಮಲಗಿದಾಗ ಮೇಲಿನದು 94, ನಿಂತಾಗ 70. “ಇವತ್ತೇ ಕಳಿಸಿ. ಬಸ್ಸಿನಲ್ಲಿ ಬೇಡ,” ಅಂದರು ಅವರು.

ರಕ್ತದಲ್ಲಿ ಸೋಡಿಯಂ ಕುಸಿದಿತ್ತು, ಪೊಟ್ಯಾಸಿಯಂ ಏರಿತ್ತು. ಬೆಳಿಗ್ಗೆ ಎಂಟಕ್ಕೆ ತೆಗೆದ ರಕ್ತದಲ್ಲಿ, ಒತ್ತಡ ತಡೆಯಲು ಮೈಗೆ ಬೇಕಾದ ಕಾರ್ಟಿಸೋಲ್ ಎಂಬ ಹಾರ್ಮೋನು ಡೆಸಿಲೀಟರಿಗೆ 2 ಮೈಕ್ರೊಗ್ರಾಂ ಕೂಡ ಇರಲಿಲ್ಲ. ಅದು ದಿನದಲ್ಲಿ ಅತಿ ಹೆಚ್ಚಾಗಿರಬೇಕಾದ ಹೊತ್ತು. ಆಕೆಗೆ ಬೆಳಿಗ್ಗೆ ಏಳಲಾಗದೆ ಇದ್ದದ್ದು ಸೋಮಾರಿತನವೂ ಅಲ್ಲ, ನಾನು ಬರೆದುಕೊಂಡ ಖಿನ್ನತೆಯೂ ಅಲ್ಲ.

ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕೂತಿರುವ ಎರಡು ಅಡ್ರಿನಲ್ ಗ್ರಂಥಿಗಳು, ಒಂದೊಂದರ ತೂಕ ನಾಲ್ಕೈದು ಗ್ರಾಂ. ಜ್ವರ, ಪೆಟ್ಟು, ಆಪರೇಷನ್, ಸಾವಿನ ಸುದ್ದಿ, ಏನೇ ಬಂದರೂ ಮಿದುಳಿನಿಂದ ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಇವಕ್ಕೆ ಆಜ್ಞೆ ಹೋಗಿ ಕಾರ್ಟಿಸೋಲ್ ಏರುತ್ತದೆ. ಇವು ಸೋತರೆ ಪಿಟ್ಯುಟರಿ ಇನ್ನೂ ಜೋರಾಗಿ ಆಜ್ಞೆ ಕಳಿಸುತ್ತದೆ, ಆ ಆಜ್ಞೆಯ ಹಾರ್ಮೋನೇ ಮೈಯನ್ನು ಕಪ್ಪಾಗಿಸುತ್ತದೆ. ಉಪ್ಪು ಹಿಡಿದಿಡುವ ಆಲ್ಡೊಸ್ಟಿರೋನ್ ಬರುವುದೂ ಇಲ್ಲಿಂದಲೇ. ಅದಿಲ್ಲದೆ ಉಪ್ಪು ಮೂತ್ರದಲ್ಲಿ ಹರಿದುಹೋಗುತ್ತಿತ್ತು. ಆಕೆ ಅದನ್ನು ಭರಣಿಯಿಂದ ತುಂಬಿಕೊಳ್ಳುತ್ತಿದ್ದಳು. ಈ ಕಾಯಿಲೆಯನ್ನು 1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಬರೆದಿಟ್ಟ, ಇದಕ್ಕೆ ಅಡಿಸನ್ ಕಾಯಿಲೆ ಎಂದೇ ಹೆಸರು. ಆತ ವಿವರಿಸಿದ ರೋಗಿಗಳಲ್ಲಿ ಹಲವರ ಗ್ರಂಥಿ ತಿಂದದ್ದು ಕ್ಷಯ. ಶ್ರೀಮಂತ ದೇಶಗಳಲ್ಲಿ ಈಗ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದು ಮುಖ್ಯ ಕಾರಣ. ನಮ್ಮಲ್ಲಿ ಕ್ಷಯ ಇನ್ನೂ ಪಟ್ಟಿಯಿಂದ ಇಳಿದಿಲ್ಲ.

ಗುಟ್ಟಿನ ಆರು ತಿಂಗಳ ಮಾತ್ರೆ ಆಗ ನನಗೆ ನೆನಪಾಯಿತು. ಆಸ್ಪತ್ರೆಯಲ್ಲಿ ಅತ್ತೆಯ ಎದುರು ಡಾಕ್ಟರು “ಹಿಂದೆ ಟಿಬಿ ಇತ್ತಾ?” ಅಂದಾಗ ಆಕೆ ಇಲ್ಲ ಅಂದಿದ್ದಳು. ನಾನು ಒಬ್ಬಳನ್ನೇ ಕಂಡು ಕೇಳಿದೆ, ಡಾಕ್ಟರಿಗೆ ಹೇಳಲೇ, ಡಾಕ್ಟರಿಗೆ ಮಾತ್ರ? ತುಂಬ ಹೊತ್ತು ಸುಮ್ಮನಿದ್ದು ಹೂಂ ಅಂದಳು. ಸ್ಕ್ಯಾನಿನಲ್ಲಿ ಎರಡೂ ಗ್ರಂಥಿ ಊದಿದ್ದವು. ಬೆಂಗಳೂರಿನಲ್ಲಿ ಸೂಜಿ ಹಾಕಿ ಗ್ರಂಥಿಯ ಚೂರು ತೆಗೆದು ಪರೀಕ್ಷಿಸಿದ ಮೇಲೆ ಕ್ಷಯವೇ ಎಂದು ಖಚಿತವಾಯಿತು. ಕತ್ತಿನಲ್ಲಿ ವಾಸಿಯಾದದ್ದು ಅಲ್ಲಿ ವರ್ಷಗಟ್ಟಲೆ ಅಡಗಿ ಕೂತಿತ್ತು.

ಈಗ ಸಲಹೆಯ ಮಾತು. ಔಷಧಿ ಡಾಕ್ಟರದ್ದು: ಕಾರ್ಟಿಸೋಲಿನ ಬದಲಿಗೆ ಕೊಡುವ ಸ್ಟಿರಾಯ್ಡ್ ಹೈಡ್ರೊಕಾರ್ಟಿಸೋನ್ ಬೆಳಿಗ್ಗೆ 10 ಮಿಲಿಗ್ರಾಂ, ಮಧ್ಯಾಹ್ನ 5, ಸಂಜೆ 5, ಜೊತೆಗೆ ಉಪ್ಪು ಹಿಡಿಯುವ ಇನ್ನೊಂದು ಮಾತ್ರೆ. ಟಿಬಿಯ ರಿಫಾಂಪಿಸಿನ್ ಶುರುವಾದಾಗ ಪ್ರಮಾಣ ಏರಿಸಿದರು, ಅದು ಸ್ಟಿರಾಯ್ಡನ್ನು ದೇಹದಲ್ಲಿ ಬೇಗ ಕರಗಿಸಿಬಿಡುತ್ತದೆ. ನನ್ನ ಪಾಲಿಗೆ ಬಂದದ್ದು ಮನೆ. “ಸ್ಟಿರಾಯ್ಡ್ ತಿಂದ್ರೆ ಕಿಡ್ನಿ ಹೋಗ್ತದೆ” ಅಂತ ಗಂಡನಿಗೆ ಯಾರೋ ಹೇಳಿದ್ದರು. ಮೈ ತಾನೇ ಮಾಡಬೇಕಿದ್ದಷ್ಟನ್ನು ಹೊರಗಿನಿಂದ ಕೊಡುವುದು ಬೇರೆ, ಗಂಟುನೋವಿಗೆ ಅಂತ ತಿಂಗಳುಗಟ್ಟಲೆ ನುಂಗುವುದು ಬೇರೆ ಎಂದು ಮೂರು ಸಲ ಹೇಳಬೇಕಾಯಿತು. ಜ್ವರ ಬಂದರೆ ಮಾತ್ರೆ ಎರಡು ಮೂರು ಪಟ್ಟು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ 100 ಮಿಲಿಗ್ರಾಂ ಇಂಜೆಕ್ಷನ್ನನ್ನು ತೊಡೆಗೆ ಚುಚ್ಚಿ ಆಮೇಲೆ ಆಸ್ಪತ್ರೆ, ಇದು ಡಾಕ್ಟರ ಚೀಟಿಯಲ್ಲೇ ಇತ್ತು. ಆದರೆ ಇಂಜೆಕ್ಷನ್ ಗಾಡ್ರೇಜ್ ಬೀರುವಿನಲ್ಲಿ, ಬೀಗದ ಕೈ ಅತ್ತೆಯ ಸೊಂಟದಲ್ಲಿ. ಅದನ್ನು ಅಡುಗೆಮನೆಗೆ ತರಿಸಿದೆ. ಗಂಡ ಕಿತ್ತಳೆ ಹಣ್ಣಿಗೆ ಚುಚ್ಚಿ ಕಲಿಯುವವರೆಗೆ ಬಿಡಲಿಲ್ಲ. ಆಪ್ತಸಲಹೆಗಾರ್ತಿಗೆ ಸಿರಿಂಜಿನ ಉಸಾಬರಿ ಯಾಕೆ ಅಂತ ಒಬ್ಬರು ಕೇಳಿದರು. ಆ ಊರಿನಿಂದ ಸಕಲೇಶಪುರಕ್ಕೆ ಬರುವ ದಾರಿಯಲ್ಲಿ ಮರ ಬಿದ್ದರೆ ಅರ್ಧ ದಿನ. ಸಕಲೇಶಪುರದಿಂದ ಹಾಸನಕ್ಕೆ ಮತ್ತೆ ಸುಮಾರು 40 ಕಿಲೋಮೀಟರ್. ಅಷ್ಟು ಹೊತ್ತು ಈ ಕಾಯಿಲೆ ಕಾಯುವುದಿಲ್ಲ.

ಗೌರಿ ಹಬ್ಬದ ಉಪವಾಸಕ್ಕೂ ಮಾತ್ರೆ ತಪ್ಪಿಸುವುದು ಬೇಡ ಅಂದೆ. ಅತ್ತೆ ನನ್ನ ಮುಖ ನೋಡಿ, “ಮಾತ್ರೆ ನುಂಗಿ ಪೂಜೆ ಮಾಡಿದ್ರೆ ಗೌರಮ್ಮ ಬೇಡ ಅಂತಾಳಾ?” ಅಂತ ತಾವೇ ತೀರ್ಮಾನ ಕೊಟ್ಟರು.

ಇಷ್ಟರ ನಡುವೆ ಗಂಡ ಮೊಬೈಲಿನಲ್ಲಿ ನೋಡಿ ‘ಅಡ್ರಿನಲ್ ಫಟೀಗ್’ಗೆ ಅಂತ ಒಂದು ಡಬ್ಬಿ ಪುಡಿ ತರಿಸಿದ್ದ. ಒತ್ತಡದಿಂದ ಗ್ರಂಥಿ ದಣಿದು ಸೋಲುತ್ತದೆ ಎಂಬ ಈ ಮಾತನ್ನು 1998ರಲ್ಲಿ ಅಮೆರಿಕದ ಜೇಮ್ಸ್ ವಿಲ್ಸನ್ ಹುಟ್ಟುಹಾಕಿದ. ಹಾರ್ಮೋನು ವೈದ್ಯರು ಅದನ್ನು ಕಾಯಿಲೆ ಎಂದು ಒಪ್ಪಿಲ್ಲ. 2016ರಲ್ಲಿ ಬ್ರೆಜಿಲ್‌ನ ಇಬ್ಬರು ಸಂಶೋಧಕರು 58 ಅಧ್ಯಯನಗಳನ್ನು ಜಾಲಾಡಿ, ಅಂಥದ್ದಕ್ಕೆ ಆಧಾರವಿಲ್ಲ ಎಂದರು. ನನ್ನ ಸಿಟ್ಟು ಪುಡಿಯ ದುಡ್ಡಿಗಲ್ಲ. ಇಲ್ಲದ ಕಾಯಿಲೆಯ ಹೆಸರು, ಇರುವ ಕಾಯಿಲೆಯನ್ನು ಮುಚ್ಚುತ್ತದೆ. ಇನ್ನೊಂದು ಕಡೆಯಿಂದಲೂ ಇದೇ ಆಗುತ್ತದೆ: ಗಂಟುನೋವಿಗೆ, ದಮ್ಮಿಗೆ ಅಂತ ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗಿ, ಗ್ರಂಥಿ ಮಲಗಿಬಿಟ್ಟ ಮೇಲೆ ಒಂದು ದಿನ ತಟ್ಟನೆ ನಿಲ್ಲಿಸಿದವರು. ಅವರೂ ಟೆನ್ಷನ್ ಎಂದೇ ಬರುತ್ತಾರೆ. ಈಗ ಮೊದಲ ಭೇಟಿಯಲ್ಲೇ ಹಳೆಯ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನೆಲ್ಲ ತರಿಸುತ್ತೇನೆ.

ಆರನೇ ಭೇಟಿಗೆ ಮೂವರೂ ಬಂದರು. ಗಂಡ ನೇರವಾಗಿ ಕೇಳಿದ: “ಅಮ್ಮನ ಕಿರಿಕಿರಿಯಿಂದ ಹೀಗಾಯ್ತಾ ಮೇಡಂ?” ಅತ್ತೆ ಸೆರಗಿನ ಅಂಚು ಹಿಡಿದು ಕೂತಿದ್ದರು. ಇಲ್ಲ, ಅಂದೆ. ಗ್ರಂಥಿ ತಿಂದದ್ದು ಸೋಂಕು. ಗ್ರಂಥಿ ಹೋದ ಮೇಲೆ ಬೇರೆಯವರು ತಡೆದುಕೊಳ್ಳುವ ಜ್ವರವನ್ನೂ ಏಟನ್ನೂ ಆಕೆ ತಡೆದುಕೊಳ್ಳಲಾರಳು, ಅದು ನಿಜ. ಆದರೆ ಮಾತಿಗೆ ಗ್ರಂಥಿ ಸಾಯುವುದಿಲ್ಲ. ಸೋಂಕು ಎಲ್ಲಿಂದ ಬಂತು ಎನ್ನುವುದನ್ನು ಅತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಸೊಸೆ ಒಬ್ಬಳೇ ಉಳಿದಳು. ಮುಖದಲ್ಲಿ ಸಮಾಧಾನವಿರಲಿಲ್ಲ. “ನೀವು ಹೌದು ಅಂದಿದ್ರೆ ಬೇರೆ ಮನೆ ಮಾಡ್ತಿದ್ರು,” ಅಂದಳು. ನನ್ನ ಸಹೋದ್ಯೋಗಿಯೂ ಆಮೇಲೆ ಇದನ್ನೇ ಹೇಳಿದಳು, ಒಂದು ಸಣ್ಣ ಸುಳ್ಳಿನಿಂದ ಹುಡುಗಿಗೆ ಒಳ್ಳೆಯದಾಗುತ್ತಿತ್ತು ಅಂತ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಬೈಗುಳದಿಂದ ಬಂದ ಕಾಯಿಲೆ ಅಂತ ಆ ಮನೆಯವರು ನಂಬಿದ್ದರೆ, ಬೈಗುಳ ನಿಂತ ದಿನ ಮಾತ್ರೆಯನ್ನೂ ನಿಲ್ಲಿಸುತ್ತಿದ್ದರು.

ಆಕೆಗೆ ಇದನ್ನೆಲ್ಲ ವಿವರಿಸಿದೆ. ಕೇಳಿಸಿಕೊಂಡು ಅಂಗೈ ತಿರುಗಿಸಿ ನೋಡಿಕೊಂಡಳು. ರೇಖೆಗಳ ಕಪ್ಪು ತುಸು ತಿಳಿಯಾಗಿತ್ತು.

“ಕಾಯ್ಲೆ ಇದ್ರೇನೇ ಬೇರೆ ಮನೆ ಕೇಳ್ಬೇಕಾ ಮೇಡಂ?”

ಬೇಡ, ಅಂದೆ. ಐದು ಭೇಟಿಯ ಟಿಪ್ಪಣಿಗಳ ಕೆಳಗೆ ಹೊಸ ಹಾಳೆ ತೆಗೆದು, ಗಂಡನನ್ನು ಒಬ್ಬನನ್ನೇ ಕರೆಸುವ ದಿನ ಗುರುತು ಹಾಕಿಕೊಂಡೆ.