ನಡಿಕೇರಿಯಂಡ ಚಿಣ್ಣಪ್ಪ ಯಾರು? ಕೊಡಗಿನಲ್ಲಿ ಅವರನ್ನು ಇಂದಿಗೂ ಯಾಕೆ ನೆನೆಯುತ್ತಾರೆ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಕೊಡವರ ಬಾಯಲ್ಲಿದ್ದ ಹಾಡುಗಳನ್ನು ಅಕ್ಷರಕ್ಕೆ ಇಳಿಸಿದವರು. ಬದುಕಿದ್ದು 1875ರಿಂದ 1931ರವರೆಗೆ. ಕೆಲಕಾಲ ಮೇಷ್ಟ್ರಾಗಿದ್ದರು, ಬಳಿಕ ಬೇರೆ ಸರ್ಕಾರಿ ನೌಕರಿ.

ಅವರ 'ಪಟ್ಟೋಲೆ ಪಳಮೆ' ಅಚ್ಚಾದದ್ದು 1924ರಲ್ಲಿ. ಹುತ್ತರಿ ಹಬ್ಬ, ಮದುವೆ, ಸಾವು ಇವುಗಳ ಹಾಡುಗಳ ಜೊತೆಗೆ ಆಚಾರ, ಕಟ್ಟುಪಾಡು, ಗಾದೆಗಳೂ ಅದರಲ್ಲಿವೆ. ಹಾಡುಗಳು ಕೊಡವ ತಕ್ಕಿನಲ್ಲಿ, ಅಂದರೆ ಕೊಡವರ ಭಾಷೆಯಲ್ಲಿ; ಲಿಪಿ ಕನ್ನಡ. ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು, ಇಬ್ಬರು ಒಂದು ಸಾಲು ಹೇಳಿದರೆ ಉಳಿದಿಬ್ಬರು ಅದನ್ನೇ ಎತ್ತಿಕೊಳ್ಳುವುದನ್ನು ನೀವು ಹುತ್ತರಿಯಲ್ಲಿ ಕೇಳಿರಬಹುದು. ಆ ಸಾಲುಗಳು ಹಾಡುಗಾರರ ನೆನಪಿನಲ್ಲಷ್ಟೇ ಇದ್ದವು. ಹಿರಿಯ ಹಾಡುಗಾರನೊಬ್ಬ ತೀರಿಕೊಂಡರೆ ಅವನೊಂದಿಗೇ ಎಷ್ಟೋ ಹಾಡು ಹೋಗಿಬಿಡುತ್ತಿತ್ತು. ಅಂಥವರ ಬಾಯಿಂದ ಕೇಳಿ ಕೇಳಿ ಬರೆದುಕೊಳ್ಳುವುದಕ್ಕೆ ಎಷ್ಟು ತಾಳ್ಮೆ ಬೇಕು, ಯೋಚಿಸಿ! ನನ್ನ ಮಟ್ಟಿಗೆ ಇದು ಅವರ ಎಲ್ಲಕ್ಕಿಂತ ದೊಡ್ಡ ಸಮಾಜಸೇವೆ.

ಭಗವದ್ಗೀತೆಯನ್ನೂ ಅವರು ಕೊಡವ ತಕ್ಕಿಗೆ ತಂದರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ 'ಪಟ್ಟೋಲೆ ಪಳಮೆ'ಯನ್ನು ಇಂಗ್ಲಿಷಿಗೆ ಅನುವಾದಿಸಿ 2003ರಲ್ಲಿ ಹೊರತಂದರು. ಕೊಡವ ತಕ್ಕ್ ಬಾರದವರು ಅದರಿಂದಲೇ ಓದಲು ಶುರುಮಾಡಬಹುದು.