ಎಂಆರ್‌ಎನ್‌ಎ ಮೇಲಿನ ಮೀಥೈಲ್ ಗುರುತು ಪ್ರೋಟೀನಿಗೆ ಹೇಗೆ ಗೊತ್ತಾಗುತ್ತದೆ?

ಎಂಆರ್‌ಎನ್‌ಎ ಅಂದರೆ ಜೀನಿನ ಸಂದೇಶ ಒಯ್ಯುವ ಎಳೆ; ಅದರ ನಾಲ್ಕು ಅಕ್ಷರಗಳಲ್ಲಿ ಒಂದಾದ ಅಡೆನಿನ್‌ಗೆ ಒಂದೇ ಒಂದು ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಹೈಡ್ರೋಜನ್) ಸೇರಿದರೆ ಅಷ್ಟು ದೊಡ್ಡ ಪ್ರೋಟೀನಿಗೆ ಅದು ಹೇಗೆ ತಿಳಿಯುತ್ತದೆ ಅಂತ ಕೇಳಿದ್ದೀರಿ. ಚಿಂತಾಮಣಿಯಲ್ಲಿ ಬಿಎಸ್ಸಿ ಓದುತ್ತಿದ್ದೀರಿ, ನೋಟ್ಸಿನಲ್ಲಿ "ರೀಡರ್ ಪ್ರೋಟೀನ್ ಇದನ್ನು ಓದುತ್ತದೆ" ಅಂತಷ್ಟೇ ಇದೆ ಎಂದಿದ್ದೀರಿ. ನಾನು ತುಮಕೂರಿನ ಡಿಗ್ರಿ ಕಾಲೇಜೊಂದರಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ, ನಮ್ಮ ಮಕ್ಕಳಿಗೂ ಕಷ್ಟವಾಗುವುದು ಇಲ್ಲೇ. ಓದುವುದು ಅಂದುಬಿಟ್ಟರೆ ಏನೂ ಹೇಳಿದ ಹಾಗಾಗಲಿಲ್ಲ, ಅಲ್ವಾ?

ಈ ಗುರುತಿನ ಹೆಸರು ಎಂ6ಎ, ಅಂದರೆ ಅಡೆನಿನ್‌ನ 6ನೇ ಜಾಗದ ಸಾರಜನಕಕ್ಕೆ ಅಂಟಿದ ಮೀಥೈಲ್. ಎಂಆರ್‌ಎನ್‌ಎಯಲ್ಲಿ ಅದು ಕಂಡಿದ್ದು 1974ರಲ್ಲೇ. ಎಲ್ಲೆಲ್ಲಿ ಕೂತಿದೆ ಅನ್ನುವ ನಕ್ಷೆ ಸಿಕ್ಕಿದ್ದು 2012ರಲ್ಲಿ. ರೀಡರ್ ಪ್ರೋಟೀನುಗಳಲ್ಲಿ ಅದನ್ನು ಹಿಡಿಯುವ ವೈಟಿಎಚ್ ಅನ್ನುವ ಭಾಗದ ರಚನೆ 2014ರಲ್ಲಿ ಬಂತು, ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಆ ರಚನೆಯಲ್ಲೇ.

ಅದರಲ್ಲಿ ಒಂದು ಸಣ್ಣ ಗುಂಡಿ ಇದೆ. ವೈಟಿಎಚ್‌ಡಿಎಫ್2 ಅನ್ನುವ ರೀಡರ್ ಪ್ರೋಟೀನಿನಲ್ಲಿ ಅದರ ಗೋಡೆಗಳು ಟ್ರಿಪ್ಟೊಫಾನ್ ಅನ್ನುವ ಮೂರು ಅಮೈನೊ ಆಮ್ಲಗಳು: 432, 486, 491ನೇ ಜಾಗದವು. ಮೀಥೈಲ್ ಇರುವ ಅಡೆನಿನ್ ಆರ್‌ಎನ್‌ಎ ಎಳೆಯಿಂದ ಹೊರಕ್ಕೆ ತಿರುಗಿ ಈ ಗುಂಡಿಯೊಳಗೆ ಕೂರುತ್ತದೆ. ಮೀಥೈಲ್‌ಗೆ ನೀರು ಆಗಿಬರುವುದಿಲ್ಲ, ಟ್ರಿಪ್ಟೊಫಾನಿನ ಉಂಗುರಗಳಿಗೂ ಅಷ್ಟೇ, ಹಾಗಾಗಿ ಸಾರಿನ ಮೇಲೆ ಒಗ್ಗರಣೆ ಎಣ್ಣೆಯ ಹನಿಗಳು ಒಂದಕ್ಕೊಂದು ಸೇರಿಕೊಳ್ಳುವ ಹಾಗೆ ಇವೂ ಸೇರಿಕೊಳ್ಳುತ್ತವೆ. ಮೀಥೈಲ್ ಅಂಟಿರುವ ಅದೇ ಸಾರಜನಕದ ಮೇಲೆ ಇನ್ನೂ ಒಂದು ಹೈಡ್ರೋಜನ್ ಉಳಿದಿರುತ್ತದಲ್ಲ, ಅದು ಪ್ರೋಟೀನಿನ ಬೆನ್ನೆಲುಬಿನ ಆಕ್ಸಿಜನ್ ಜೊತೆ ಹೈಡ್ರೋಜನ್ ಬಂಧ ಮಾಡಿಕೊಳ್ಳುತ್ತದೆ. ಒಂದು ಕಡೆ ಮೀಥೈಲ್, ಇನ್ನೊಂದು ಕಡೆ ಹೈಡ್ರೋಜನ್, ಎರಡೂ ಬೇಕು. ಆ ಟ್ರಿಪ್ಟೊಫಾನ್ ತೆಗೆದು ಅಲನಿನ್ ಅನ್ನುವ ಚಿಕ್ಕ ಅಮೈನೊ ಆಮ್ಲ ಹಾಕಿದರೆ ಹಿಡಿತವೇ ಹೋಗುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಮೀಥೈಲ್ ಇಲ್ಲದ ಆರ್‌ಎನ್‌ಎಯನ್ನೂ ಈ ಪ್ರೋಟೀನು ಹಿಡಿಯುತ್ತದೆ, ಹತ್ತಾರು ಪಟ್ಟು ಸಡಿಲವಾಗಿ ಅಷ್ಟೆ. ಅಂದರೆ ಇದು ಹೌದು–ಇಲ್ಲ ಅನ್ನುವ ಲೆಕ್ಕವಲ್ಲ, ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಅನ್ನುವ ಲೆಕ್ಕ. ಅಷ್ಟು ಹೊತ್ತು ಸಿಕ್ಕರೆ ಸಾಕು, ವೈಟಿಎಚ್‌ಡಿಎಫ್2 ತನ್ನ ಇನ್ನೊಂದು ತುದಿಯಿಂದ ಸಿಸಿಆರ್4-ನಾಟ್ ಎಂಬ ಪ್ರೋಟೀನ್ ಕೂಟವನ್ನು ಕರೆತರುತ್ತದೆ, ಅದು ಎಂಆರ್‌ಎನ್‌ಎಯ ತುದಿಯ ಅಡೆನಿನ್‌ಗಳ ಸಾಲನ್ನು, ಅಂದರೆ ಪಾಲಿ-ಎ ಬಾಲವನ್ನು ಕತ್ತರಿಸುತ್ತಾ ಹೋಗುತ್ತದೆ, ಆ ಎಂಆರ್‌ಎನ್‌ಎ ಬೇಗ ನಾಶವಾಗುತ್ತದೆ.

ಎಲ್ಲ ಪ್ರೋಟೀನುಗಳೂ ಮೀಥೈಲನ್ನೇ ಮುಟ್ಟಿ ನೋಡುತ್ತವೆ ಅಂದುಕೊಳ್ಳಬೇಡಿ. ಮೀಥೈಲ್ ಬಂದರೆ ಆ ಅಡೆನಿನ್ ಎದುರಿನ ಯುರಾಸಿಲ್ ಅನ್ನುವ ಅಕ್ಷರದ ಜೊತೆ ಜೋಡಿಯಾಗುವುದು ಸ್ವಲ್ಪ ಕಷ್ಟವಾಗುತ್ತದೆ, ಮಡಿಕೆ ಸಡಿಲವಾಗುತ್ತದೆ, ಒಳಗೆ ಮುಚ್ಚಿಕೊಂಡಿದ್ದ ಯುರಾಸಿಲ್‌ಗಳ ಸಾಲು ಹೊರಗೆ ಬರುತ್ತದೆ. ಎಚ್‌ಎನ್‌ಆರ್‌ಎನ್‌ಪಿ-ಸಿ ಅನ್ನುವ ಪ್ರೋಟೀನು ಹಿಡಿಯುವುದು ಆ ಸಾಲನ್ನು. ಮೀಥೈಲಿಗೂ ಅದಕ್ಕೂ ನೇರ ಸಂಬಂಧವೇ ಇಲ್ಲ! ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ.

ಸುಮ್ನೆ ಬಾಯಿಪಾಠ ಮಾಡಬೇಡಿ. ಪ್ರೋಟೀನ್ ಡೇಟಾ ಬ್ಯಾಂಕ್ ವೆಬ್‌ಸೈಟಿನಲ್ಲಿ 4ಆರ್3ಐ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಮೊಬೈಲಿನಲ್ಲೇ ತೆರೆಯುತ್ತದೆ. ಅದು ವೈಟಿಎಚ್‌ಡಿಸಿ1 ಅನ್ನುವ ಇನ್ನೊಂದು ರೀಡರ್ ಪ್ರೋಟೀನಿನ ವೈಟಿಎಚ್ ಭಾಗ, ಆರ್‌ಎನ್‌ಎ ಸಮೇತ. ಅದರ ಗುಂಡಿಯಲ್ಲಿ ಟ್ರಿಪ್ಟೊಫಾನ್ ಎರಡೇ, 377 ಮತ್ತು 428. ಮೂರನೆಯ ಗೋಡೆಯ ಜಾಗದಲ್ಲಿ ಲ್ಯೂಸಿನ್ ಅನ್ನುವ ಬೇರೆ ಅಮೈನೊ ಆಮ್ಲ ಇದೆ. ಬೆರಳಿನಿಂದ ತಿರುಗಿಸಿ ನೋಡಿ, ಗೊತ್ತಾಗದಿದ್ದರೆ ಇಲ್ಲೇ ಕೇಳಿ.